ಹೊಳೆಯ ಮೇಲ್ನೀರಿನ ಪ್ಲಾಸ್ಟಿಕ್ ಕಣ ಎಣಿಸುವುದು ಹೇಗೆ? ಚಂದ್ರಗಿರಿ ದಡದವರಿಗೆ ಒಂದು ಮಾರ್ಗದರ್ಶಿ

ಹೊಳೆಯಲ್ಲಿ ಪ್ಲಾಸ್ಟಿಕ್ ಇದೆಯಾ ಎಂದು ತಿಳಿಯಲು ಪರೀಕ್ಷೆ ಏನೂ ಬೇಡ. ಮಳೆ ಬಿಟ್ಟ ಮೇಲೆ ದಡದ ಪೊದೆಗಳಿಗೆ ಸಿಕ್ಕಿಕೊಂಡಿರುವ ಕವರುಗಳನ್ನು ನೋಡಿದರೆ ಸಾಕು. ಕಷ್ಟ ಇರುವುದು 'ಎಷ್ಟಿದೆ' ಎಂದು ಹೇಳುವುದರಲ್ಲಿ. ಅದರಲ್ಲೂ ಕಣ್ಣಿಗೆ ಸರಿಯಾಗಿ ಕಾಣದ ಚೂರುಗಳ ಲೆಕ್ಕ.

5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಬ್ರಿಟನ್ನಿನ ಪ್ಲಿಮತ್‌ನ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಬರೆದ ಒಂದು ಪುಟ್ಟ ಲೇಖನದಿಂದ ಈ ಹೆಸರು ಎಲ್ಲ ಕಡೆ ಓಡಾಡತೊಡಗಿತು. ಈಗ ಶಾಲೆಯ ವಿಜ್ಞಾನ ಮೇಳಕ್ಕೂ ಇದೇ ವಿಷಯ ಬರುತ್ತದೆ. ಒಂದು ಬಾಟಲಿ ಹೊಳೆ ನೀರು ತರುತ್ತಾರೆ, ಸೋಸುತ್ತಾರೆ, ಸೂಕ್ಷ್ಮದರ್ಶಕದಲ್ಲಿ 14 ಎಳೆ ಸಿಕ್ಕಿತು ಎಂದು ಚಾರ್ಟಿನಲ್ಲಿ ಬರೆಯುತ್ತಾರೆ. ಆ 14ಕ್ಕೆ ಏನೂ ಅರ್ಥವಿಲ್ಲ. ಎಷ್ಟು ನೀರಿನಲ್ಲಿ ಸಿಕ್ಕಿದ್ದು? ಅದರಲ್ಲಿ ಎಷ್ಟು ಸೋಸಿದವರ ಅಂಗಿಯಿಂದಲೇ ಉದುರಿದ್ದು? ಈ ಎರಡು ಲೆಕ್ಕ ಇಲ್ಲದಿದ್ದರೆ ಉಳಿದ ಕೆಲಸವೆಲ್ಲ ಸುಮ್ನೆ. ಕೆಳಗೆ ಹೇಳುವ ಹೆಜ್ಜೆಗಳಲ್ಲಿ ಹೆಚ್ಚಿನವು ಈ ಎರಡು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳುವುದಕ್ಕಾಗಿಯೇ ಇವೆ.

ಮೊದಲು ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ

ಒಂದೇ ಜಾಗದ ಒಂದು ಸಂಖ್ಯೆಯಿಂದ ಏನೂ ಹೇಳಲಾಗದು. ಹೋಲಿಸಲು ಇನ್ನೊಂದು ಬೇಕು. ಪೇಟೆಯ ಮೇಲೆ ಮತ್ತು ಕೆಳಗೆ, ಬೇಸಗೆ ಮತ್ತು ಮಳೆಗಾಲ, ಕಟ್ಟ (ಬೇಸಗೆಗೆ ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು) ಬಿಚ್ಚುವ ಮೊದಲು ಮತ್ತು ಆಮೇಲೆ, ಹೀಗೆ ಏನಾದರೂ ಒಂದು ಜೋಡಿ ಇರಲಿ.

ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳಿವೆ. ಹೊಸದಾಗಿ ಶುರು ಮಾಡುವವರಿಗೆ ಮಂಜೇಶ್ವರ ಹೊಳೆ ಒಳ್ಳೆಯದು. 16 ಕಿಲೋಮೀಟರಿನ ಅದು ಕೇರಳದಲ್ಲೇ ಚಿಕ್ಕ ಹೊಳೆ. ಒಂದೇ ದಿನದಲ್ಲಿ ಮೇಲಿನಿಂದ ಅಳಿವೆಯವರೆಗೆ ಮುಗಿಸಬಹುದು. ಚಂದ್ರಗಿರಿಯ ಕತೆ ಬೇರೆ. ಅದರ ದೊಡ್ಡ ಕವಲಾದ ಪಯಸ್ವಿನಿ ಕೊಡಗಿನಲ್ಲಿ ಹುಟ್ಟಿ, ಸುಳ್ಯ ದಾಟಿ, ಎರಡು ರಾಜ್ಯಗಳ ಕಸ ಹೊತ್ತುಕೊಂಡು ಬರುತ್ತದೆ. ಹಾಗಾಗಿ 'ಕಾಸರಗೋಡಿನ ಪ್ಲಾಸ್ಟಿಕ್' ಎಷ್ಟು ಎಂದು ತಿಳಿಯಬೇಕಿದ್ದರೆ ಮೇಲೆ, ಕರ್ನಾಟಕದ ಗಡಿಯ ಕಡೆ ಇರುವ ಅಡೂರಿನ ಹತ್ತಿರ ಒಂದು ಸಲ ನೀರು ತೆಗೆಯಲೇಬೇಕು. ಆಮೇಲೆ ಬಾವಿಕ್ಕೆರೆ, ಕೊನೆಗೆ ಚಂದ್ರಗಿರಿ ಸೇತುವೆಯ ಆಸುಪಾಸು. ಮೂರು ಜಾಗ ಸಾಕು. ಹತ್ತು ಜಾಗದಲ್ಲಿ ಒಂದೊಂದು ಸಲ ತೆಗೆಯುವುದಕ್ಕಿಂತ ಮೂರು ಜಾಗದಲ್ಲಿ ಮೂರು ಮೂರು ಸಲ ತೆಗೆಯುವುದು ಎಷ್ಟೋ ಮೇಲು.

ಹೊತ್ತು ನೋಡಿ ಇಳಿಯಿರಿ

ಹೊಳೆಯ ಕೆಳಭಾಗದಲ್ಲಿ ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಬೇಸಗೆಯಲ್ಲಿ ಉಪ್ಪು ನೀರು ಬಾವಿಕ್ಕೆರೆಯವರೆಗೆ ಏರಿ, ಪೇಟೆಯವರ ನಳ್ಳಿಯಲ್ಲೂ ಉಪ್ಪು ಬರುತ್ತಿದ್ದದ್ದು ಇಲ್ಲಿನವರಿಗೆ ಮರೆಯುವ ವಿಷಯವಲ್ಲ. ಅದನ್ನು ತಡೆಯಲೆಂದೇ ಅಲ್ಲಿ ತಡೆಗೋಡೆ ಕಟ್ಟಿದ್ದು. ಭರತದ ಹೊತ್ತಿಗೆ ಚಂದ್ರಗಿರಿ ಸೇತುವೆಯಡಿ ನೀರು ತೆಗೆದರೆ ನೀವು ಅಳೆಯುವುದು ಹೊಳೆಯನ್ನಲ್ಲ, ಸಮುದ್ರವನ್ನು. ಇಳಿತದ ನಡುಭಾಗದಲ್ಲಿ ತೆಗೆಯಿರಿ. ಭರತ ಯಾವಾಗ ಎಂದು ದೋಣಿಯವರನ್ನು ಕೇಳಿದರೆ ಪಟ್ಟಿ ನೋಡದೆಯೇ ಹೇಳುತ್ತಾರೆ.

ಮಳೆಯ ಲೆಕ್ಕವೂ ಬೇಕು. ಬೇಸಗೆ ಇಡೀ ತೋಡು, ಚರಂಡಿ, ರಸ್ತೆ ಬದಿಯಲ್ಲಿ ಬಿದ್ದದ್ದೆಲ್ಲ ಮೊದಲ ದೊಡ್ಡ ಮಳೆಗೆ ಒಟ್ಟಿಗೆ ಹೊಳೆಗೆ ಬರುತ್ತದೆ. ಜೂನ್ ಮೊದಲ ವಾರದ ಸಂಖ್ಯೆಯನ್ನೂ ಜನವರಿಯ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು 'ಹೊಳೆ ಕೆಡುತ್ತಿದೆ' ಎಂದರೆ ಅದು ತಪ್ಪು ಲೆಕ್ಕ. ಕೊನೆಯ ಮಳೆ ಬಂದು ಎಷ್ಟು ದಿನವಾಯಿತು ಎಂದು ಪ್ರತಿ ಸಲ ಬರೆದಿಡಿ. ನೆರೆ ಇರುವಾಗ ಮಾತ್ರ ಇಳಿಯಲೇಬೇಡಿ. ಆ ದಿನದ ಅಂಕಿ ಇಲ್ಲದಿದ್ದರೂ ನಡೆಯುತ್ತದೆ.

ಇನ್ನೊಂದು ವಿಷಯ. ಬಕೆಟ್, ಜರಡಿ, ಬಲೆ ಹಿಡಿದು ನಾಲ್ಕು ಜನ ಬೆಳಿಗ್ಗೆ ಬೆಳಿಗ್ಗೆ ಕಡವಿಗೆ ಇಳಿದರೆ ಹೊಯ್ಗೆ (ಮರಳು) ತೆಗೆಯುವವರು ಎಂದು ಊರವರಿಗೆ ಅನುಮಾನ ಬಂದರೆ ಆಶ್ಚರ್ಯವಿಲ್ಲ. ಪಂಚಾಯತಿಗೂ ವಾರ್ಡ್ ಮೆಂಬರಿಗೂ ಮೊದಲೇ ಒಂದು ಮಾತು ಹೇಳಿ. ಶಾಲೆಯ ಹೆಸರಿನ ಒಂದು ಕಾಗದ ಕಿಸೆಯಲ್ಲಿರಲಿ.

ಬಕೆಟ್ಟೋ ಬಲೆಯೋ?

ಎರಡು ದಾರಿ ಇವೆ. ಎರಡಕ್ಕೂ ಬೇರೆ ಬೇರೆ ಉಪಯೋಗ.

ಬಕೆಟ್ ದಾರಿಗೆ 10 ಲೀಟರಿನ ಸ್ಟೀಲ್ ಬಕೆಟ್ ಮತ್ತು ಲೋಹದ ಎರಡು ಜರಡಿ ಬೇಕು. ಜರಡಿ ಕೊಳ್ಳಬೇಕಾಗಿಲ್ಲ. ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಪ್ರಯೋಗಾಲಯದಲ್ಲಿ ಹೊಯ್ಗೆ ಪರೀಕ್ಷೆಗೆ ಇಟ್ಟಿರುವ 4.75 ಮಿ.ಮೀ. ಮತ್ತು 300 ಮೈಕ್ರಾನ್ ಜರಡಿಗಳೇ ನಮಗೂ ಬೇಕಾದವು. (ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್.) 150 ಮೈಕ್ರಾನಿನದ್ದೂ ಸಿಕ್ಕಿದರೆ ಇನ್ನೂ ಒಳ್ಳೆಯದು. ಎಳೆಗಳು ಅದರಲ್ಲಿ ಜಾಸ್ತಿ ನಿಲ್ಲುತ್ತವೆ. ದೊಡ್ಡ ಕಣ್ಣಿನದು ಮೇಲೆ, ಸಣ್ಣದು ಕೆಳಗೆ. ಹತ್ತು ಬಕೆಟ್ ಸುರಿದರೆ 100 ಲೀಟರ್.

ಬಲೆ ದಾರಿಯಲ್ಲಿ ಬಳಸುವುದು ಮೀನಿನ ಬಲೆಯಲ್ಲ. ಸಮುದ್ರದಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿಯಲು ಮಾಡಿದ ಮಾಂಟಾ ಬಲೆಯನ್ನೇ ಪ್ಲಾಸ್ಟಿಕ್ಕಿಗೂ ಬಳಸುತ್ತಾರೆ. ಎರಡು ಬದಿ ರೆಕ್ಕೆ, ಚೌಕ ಬಾಯಿ, ಹಿಂದೆ ಉದ್ದ ಚೀಲ, ಸುಮಾರು 330 ಮೈಕ್ರಾನ್ ಕಣ್ಣು. ಅದರ ಬೆಲೆ ಶಾಲೆಗಳಿಗೆ ಎಟುಕದು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕಟ್ಟು ಮಾಡಿಸಿ, ಸ್ಕ್ರೀನ್ ಪ್ರಿಂಟಿಂಗ್‌ನವರು ಬಳಸುವ ಬಟ್ಟೆಯಿಂದ ಚೀಲ ಹೊಲಿಸಬಹುದು. ಕೊಳ್ಳುವಾಗ ಕಣ್ಣಿನ ತೆರಪು ಎಷ್ಟು ಮೈಕ್ರಾನ್ ಎಂದು ಕೇಳಿ. ಚೀಲ ಎರಡು ಮೀಟರಾದರೂ ಉದ್ದವಿರಲಿ. ಗಿಡ್ಡವಾದರೆ ಬೇಗ ಕಟ್ಟಿಕೊಳ್ಳುತ್ತದೆ. ಆ ಬಟ್ಟೆಯೂ ಪ್ಲಾಸ್ಟಿಕ್ಕೇ ಅಲ್ವಾ? ಹೌದು. ಅದಕ್ಕೇ ಬಿಳಿಯದ್ದನ್ನೇ ತೆಗೆದುಕೊಂಡು, ಒಂದು ತುಂಡನ್ನು ಲಕೋಟೆಯಲ್ಲಿ ಕಾದಿಡಿ. ಸೂಕ್ಷ್ಮದರ್ಶಕದಲ್ಲಿ ಅದೇ ಥರದ ಎಳೆ ಕಂಡರೆ ಲೆಕ್ಕಕ್ಕೆ ಹಿಡಿಯಬೇಡಿ.

ನನ್ನನ್ನು ಕೇಳಿದರೆ, ಹೊಳೆಯ ಮೇಲ್ಭಾಗಕ್ಕೆ, ಅಂದರೆ ಅಡೂರಿನಂಥ ಕಡೆಗೆ, ಬಲೆಯೇ ಸರಿ. ಒಂದು ಘನ ಮೀಟರ್ ಎಂದರೆ 1000 ಲೀಟರ್. ಅಷ್ಟು ನೀರಿನಲ್ಲಿ ಎರಡೇ ಚೂರು ಇರುವ ಜಾಗದಲ್ಲಿ ನೀವು 100 ಲೀಟರ್ ಸೋಸಿದರೆ ಹೆಚ್ಚಿನ ಸಲ ಸಿಗುವುದು ಸೊನ್ನೆ. ಸೊನ್ನೆ ನೋಡಿ 'ನಮ್ಮ ಹೊಳೆ ಶುದ್ಧ' ಎಂದು ಬರೆದವರನ್ನು ಬೈಯುವಂತಿಲ್ಲ, ನಂಬುವಂತೆಯೂ ಇಲ್ಲ. ಬಟ್ಟೆಯ ಎಳೆಗಳ ವಿಷಯದಲ್ಲಿ ಮಾತ್ರ ಸಣ್ಣ ಜರಡಿಯೇ ಮೇಲು. ಕೂದಲಿಗಿಂತ ತೆಳ್ಳಗಿನ ಎಳೆ ಉದ್ದುದ್ದಕ್ಕೆ ಬಲೆಯ ಕಣ್ಣಿನಿಂದ ಜಾರಿ ಹೋಗುತ್ತದೆ. ಬಲೆಯ ಸಂಖ್ಯೆಯನ್ನೂ ಬಕೆಟ್ಟಿನ ಸಂಖ್ಯೆಯನ್ನೂ ಯಾವತ್ತೂ ಹೋಲಿಸಬೇಡಿ.

ಎಷ್ಟು ನೀರು ಹಾದು ಹೋಯಿತು?

ಬಕೆಟ್ಟಿನಲ್ಲಿ ಇದು ಸುಲಭ. ಬಲೆಯಲ್ಲಿ ಲೆಕ್ಕ ಹಾಕಬೇಕು. ಬಾಯಿಯ ಅಗಲ, ನೀರಿನಲ್ಲಿ ಮುಳುಗಿದ ಆಳ, ನೀರಿನ ವೇಗ, ಹಿಡಿದ ಹೊತ್ತು, ಈ ನಾಲ್ಕನ್ನೂ ಗುಣಿಸಿ.

ವೇಗ ತಿಳಿಯಲು ಯಂತ್ರ ಇಲ್ಲದಿದ್ದರೆ ಒಂದು ತೆಂಗಿನಕಾಯಿ ಸಾಕು. ಸಿಪ್ಪೆ ಸುಲಿಯದ ಕಾಯಿ ಹೆಚ್ಚಿನ ಭಾಗ ಮುಳುಗಿ ತೇಲುವುದರಿಂದ ಗಾಳಿ ಅದನ್ನು ಹೆಚ್ಚು ತಳ್ಳುವುದಿಲ್ಲ. ದಡದಲ್ಲಿ 10 ಮೀಟರ್ ಅಳೆದು ಎರಡು ಗೂಟ ಹಾಕಿ. ಕಾಯಿಯನ್ನು ಮೊದಲ ಗೂಟಕ್ಕಿಂತ ಸ್ವಲ್ಪ ಮೇಲೆ ಬಿಡಿ. ಗೂಟದಿಂದ ಗೂಟಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಬಲೆ ಇಡುವ ಜಾಗದಲ್ಲೇ ಮಾಡಬೇಕು, ಸೆಳೆತ ಜೋರಾಗಿರುವ ಹೊಳೆ ನಡುವಿನಲ್ಲಿ ಅಲ್ಲ.

ಉದಾಹರಣೆಗೆ, ಬಾಯಿ 40 ಸೆಂಟಿಮೀಟರ್ ಅಗಲ, ಮುಳುಗಿದ್ದು 15 ಸೆಂಟಿಮೀಟರ್, ವೇಗ ಸೆಕೆಂಡಿಗೆ ಅರ್ಧ ಮೀಟರ್, ಹೊತ್ತು 10 ನಿಮಿಷ. 0.4 × 0.15 × 0.5 × 600 ಎಂದರೆ 18 ಘನ ಮೀಟರ್. ಅಂದರೆ 18,000 ಲೀಟರ್. ಬಕೆಟ್ಟಿನ 100 ಲೀಟರ್ ಎಲ್ಲಿ, ಇದೆಲ್ಲಿ!

ಆದರೆ ಬಲೆ ಕಟ್ಟಿಕೊಂಡರೆ ಈ ಲೆಕ್ಕ ಸುಳ್ಳಾಗುತ್ತದೆ. ಬಾಯಿಯ ಎದುರು ನೀರು ಗುಳುಗುಳು ಉಕ್ಕಿ ಬದಿಯಿಂದ ಹೋಗುತ್ತಿದ್ದರೆ ಬಲೆ ತುಂಬಿದೆ ಎಂದರ್ಥ. ಮಳೆಗಾಲದಲ್ಲಿ ಎಲೆ, ಕಸಕಡ್ಡಿ, ಅಡಕೆ ಸಿಪ್ಪೆ ಸೇರಿ ಬೇಗ ಹಾಗಾಗುತ್ತದೆ. ಆಗ ಹೊತ್ತು ಕಡಿಮೆ ಮಾಡಿ. ಮೂರು ನಿಮಿಷವಾದರೂ ಪರವಾಗಿಲ್ಲ, ಬರೆದಿಟ್ಟರಾಯಿತು.

ನೀರಿಗೆ ಇಳಿದಾಗ

ಎಲ್ಲರೂ ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ. ಇದು ಕಾಸರಗೋಡಿನಲ್ಲಿ ಹೇಳಿ ಮುಗಿಯದ ಮಾತು, ಏಕೆಂದರೆ ಯುವಕ ಸಂಘದವರು ಯಾವ ಸೇವೆಗೂ ಕ್ಲಬ್ಬಿನ ಜರ್ಸಿಯಲ್ಲೇ ಬರುತ್ತಾರೆ. ಜರ್ಸಿ ಎಂದರೆ ಪಾಲಿಸ್ಟರ್. ಹೊಳೆಯಲ್ಲಿ ನೀವು ಹುಡುಕುತ್ತಿರುವ ಎಳೆಯೂ ಅದೇ. ಎಲ್ಲರೂ ಹತ್ತಿಯ ಕೇಸರಿ ಬೈರಾಸೋ ಕಡು ಹಳದಿ ಅಂಗಿಯೋ ಹಾಕಿಕೊಂಡರೆ, ಆ ಬಣ್ಣದ ಎಳೆ ಸಿಕ್ಕಾಗ ಯಾರದ್ದೆಂದು ಗೊತ್ತಾಗುತ್ತದೆ.

ಹೊಳೆ ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ನಿಮ್ಮ ಕಾಲು ಕದಡಿದ ನೀರು ಹಿಂದಕ್ಕೆ ಹೋಗಬೇಕು, ಬಲೆಗೆ ಬರಬಾರದು. ದೋಣಿಯಿಂದಾದರೆ ಬಲೆಯನ್ನು ಹಿಂದೆ ಎಳೆಯದೆ ಬದಿಯಲ್ಲಿ ಹಿಡಿಯಿರಿ. ಬಕೆಟ್ಟನ್ನು ಹೊಳೆ ನೀರಿನಲ್ಲೇ ಮೂರು ಸಲ ತೊಳೆದು, ತೊಳೆದ ನೀರನ್ನು ಕೆಳಗಡೆ ಚೆಲ್ಲಿ. ಬಲೆ ಎತ್ತಿದ ಮೇಲೆ ಹೊರಗಿನಿಂದ ನೀರು ಹೊಯ್ದು ಒಳಗಿನದ್ದನ್ನು ತುದಿಗೆ ಇಳಿಸಿ. ಒಳಗಿನಿಂದ ತೊಳೆದರೆ ಸೋಸದ ನೀರಿನ ಕಣಗಳೂ ಸೇರಿಬಿಡುತ್ತವೆ.

ಸಿಕ್ಕಿದ್ದನ್ನು ಗಾಜಿನ ಬಾಟಲಿಗೆ ಹಾಕಿ. ಹಳೆ ಉಪ್ಪಿನಕಾಯಿ ಬಾಟಲಿ ಧಾರಾಳ ಸಾಕು, ಆದರೆ ಮುಚ್ಚಳದ ಒಳಗೆ ಪ್ಲಾಸ್ಟಿಕ್ ಪದರ ಇರುವುದರಿಂದ ನಡುವೆ ಅಲ್ಯೂಮಿನಿಯಂ ಹಾಳೆ ಇಡಿ. ಜಾಗ, ತಾರೀಕು, ಗಂಟೆ, ಇಳಿತವೋ ಭರತವೋ, ವೇಗ, ಹಿಡಿದ ಹೊತ್ತು ಎಲ್ಲವನ್ನೂ ಅಲ್ಲೇ ನಿಂತು ಬರೆಯಿರಿ. ಮನೆಗೆ ಹೋಗಿ ಬರೆಯುತ್ತೇನೆಂದರೆ ಆಗುವುದಿಲ್ಲ.

ಖಾಲಿ ಪರೀಕ್ಷೆ ಬಿಟ್ಟರೆ ಎಲ್ಲವೂ ಹಾಳು

ಒಂದು ಬಾಟಲಿಗೆ ಹೊಳೆ ನೀರಿನ ಬದಲು ಚೆನ್ನಾಗಿ ಸೋಸಿದ ಡಿಸ್ಟಿಲ್ಡ್ ನೀರು ಹಾಕಿ. ಅದನ್ನು ಹೊಳೆಗೆ ತೆಗೆದುಕೊಂಡು ಹೋಗಿ, ಅಷ್ಟೇ ಹೊತ್ತು ತೆರೆದಿಟ್ಟು, ಅದೇ ಜರಡಿಯಲ್ಲಿ ಸೋಸಿ, ಮುಂದಿನ ಎಲ್ಲ ಹೆಜ್ಜೆಗಳನ್ನೂ ಅದಕ್ಕೂ ಮಾಡಿ. ಕೊನೆಗೆ ಅದರಲ್ಲೂ ಕೆಲವು ಎಳೆ ಸಿಗುತ್ತವೆ. ಸಿಗದಿದ್ದರೆ ನೀವು ಸರಿಯಾಗಿ ನೋಡಿಲ್ಲ ಎಂದೇ ನನ್ನ ಅನುಮಾನ. ಫ್ಯಾನಿನ ಗಾಳಿ, ಕಿಟಕಿ ಪರದೆ, ಶಾಲೆ ಸಮವಸ್ತ್ರ ಎಲ್ಲವೂ ಎಳೆ ಉದುರಿಸುತ್ತವೆ.

ಹೊಳೆ ನೀರಿನಲ್ಲಿ 8 ಎಳೆ, ಖಾಲಿ ಪರೀಕ್ಷೆಯ ಬಾಟಲಿಯಲ್ಲಿ 6 ಎಳೆ ಬಂದರೆ ಎಳೆಗಳ ಬಗ್ಗೆ ಏನೂ ಹೇಳುವಂತಿಲ್ಲ. ಚೂರು, ಪೊರೆ, ಉಂಡೆಗಳ ಬಗ್ಗೆ ಮಾತ್ರ ಹೇಳಿ. ಪರೀಕ್ಷೆ ಮಾಡುವ ಕೋಣೆಯಲ್ಲಿ ಫ್ಯಾನ್ ಆರಿಸಿ, ಮೇಜನ್ನು ಒದ್ದೆ ಹತ್ತಿ ಬಟ್ಟೆಯಿಂದ ಒರೆಸಿ, ತೆರೆದ ಪಾತ್ರೆಗಳಿಗೆಲ್ಲ ಅಲ್ಯೂಮಿನಿಯಂ ಹಾಳೆ ಮುಚ್ಚಿ.

ಎಲೆ ಕರಗಿಸುವುದು, ಉಪ್ಪಿನಲ್ಲಿ ತೇಲಿಸುವುದು

ನಮ್ಮ ಹೊಳೆಗಳ ನೀರು ಸೋಸಿದರೆ ಪ್ಲಾಸ್ಟಿಕ್ಕಿಗಿಂತ ಎಲೆ ಚೂರೇ ನೂರು ಪಾಲು ಹೆಚ್ಚು. ದೊಡ್ಡ ಎಲೆ, ಕಡ್ಡಿಗಳನ್ನು ತೊಳೆದು ತೆಗೆಯಿರಿ, ತೊಳೆದ ನೀರನ್ನು ಚೆಲ್ಲಬೇಡಿ. ಉಳಿದದ್ದನ್ನು ಕರಗಿಸಲು 30 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತಾರೆ. ಇದು ಔಷಧದ ಅಂಗಡಿಯಲ್ಲಿ ಗಾಯಕ್ಕೆ ಸಿಗುವ ತೆಳು ದ್ರಾವಣವಲ್ಲ. ಚರ್ಮ ಸುಡುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು, ಕೆಮಿಸ್ಟ್ರಿ ಮಾಷ್ಟ್ರೋ ಟೀಚರೋ ಎದುರಿಗೆ ಇರುವಾಗ ಮಾತ್ರ ಮಾಡಿ. ಮನೆಯಲ್ಲಿ ಬೇಡವೇ ಬೇಡ. ಪಾತ್ರೆಯನ್ನು ಗಟ್ಟಿಯಾಗಿ ಮುಚ್ಚಬಾರದು, ಗಾಳಿ ತುಂಬಿ ಒಡೆಯುತ್ತದೆ. 50 ರಿಂದ 60 ಡಿಗ್ರಿ ಬಿಸಿಯಲ್ಲಿ ಒಂದೆರಡು ದಿನ ಇಟ್ಟರೆ ಎಲೆಯ ಬಣ್ಣ ಹೋಗಿ ಮೆತ್ತಗಾಗುತ್ತದೆ. ಕಬ್ಬಿಣದ ಲವಣ ಸೇರಿಸಿದರೆ ಬೇಗ ಆಗುತ್ತದೆ ಎಂದು ಪುಸ್ತಕಗಳಲ್ಲಿ ಇದೆ, ನಿಜ. ಆದರೆ ಆಗ ಅದು ತಾನಾಗಿ ಕುದಿದು ಉಕ್ಕಬಹುದು. ಅದನ್ನು ಕಾಲೇಜಿನವರಿಗೆ ಬಿಡಿ. ಬಿಸಿ ಆ್ಯಸಿಡ್ ಹಾಕಬೇಡಿ, ನೈಲಾನೂ ಕರಗಿ ಹೋಗುತ್ತದೆ.

ಇನ್ನು ಉಪ್ಪು. ಒಂದು ಲೀಟರ್ ನೀರಿಗೆ ಸುಮಾರು 360 ಗ್ರಾಂ ಉಪ್ಪು ಹಿಡಿಯುತ್ತದೆ. ಸಾದಾ ನೀರಿನ ಸಾಂದ್ರತೆ 1 ಎಂದಿಟ್ಟರೆ ಆಗ ಇದರದ್ದು ಸುಮಾರು 1.2. ಅದಕ್ಕಿಂತ ಕಡಿಮೆ ಸಾಂದ್ರತೆಯದ್ದು ಇದರಲ್ಲಿ ತೇಲುತ್ತದೆ. ಈ ನೀರನ್ನು ಬಳಸುವ ಮೊದಲು ಸೋಸಿಕೊಳ್ಳಿ, ಅಡುಗೆ ಉಪ್ಪಿನಲ್ಲೂ ಪ್ಲಾಸ್ಟಿಕ್ ಕಣಗಳು ಸಿಕ್ಕಿವೆ. ಗಾಜಿನ ಆಲಿಕೆಯ ಕೆಳಗೆ ರಬ್ಬರ್ ಟ್ಯೂಬು ಸಿಕ್ಕಿಸಿ, ಕ್ಲಿಪ್ ಹಾಕಿ, ಒಂದು ರಾತ್ರಿ ಬಿಡಿ. ಕೈಚೀಲದ ಪಾಲಿಥೀನ್, ಹಗ್ಗದ ಪಾಲಿಪ್ರೊಪಿಲೀನ್, ಥರ್ಮಾಕೋಲ್, ನೈಲಾನ್ ತೇಲುತ್ತವೆ. ಬಾಟಲಿಯ ಪೆಟ್ ಮತ್ತು ತೋಟದ ಪಿವಿಸಿ ಪೈಪಿನ ಚೂರುಗಳ ಸಾಂದ್ರತೆ 1.3ಕ್ಕಿಂತ ಮೇಲೆ, ಅವು ಮುಳುಗುತ್ತವೆ. ಪಾಲಿಸ್ಟರ್ ಎಳೆಯೂ ಪೆಟ್ಟೇ. ಹಾಗಾಗಿ ಕೆಳಗಿನ ಗಷ್ಟನ್ನು ಚೆಲ್ಲದೆ, ಅದನ್ನೂ ಒಂದು ಸಲ ನೋಡಿ. ತೇಲಿದ್ದನ್ನು ಫಿಲ್ಟರ್ ಕಾಗದದ ಮೇಲೆ ಸೋಸಿ ಒಣಗಿಸಿ.

ಯಾವುದು ಪ್ಲಾಸ್ಟಿಕ್, ಯಾವುದು ತೆಂಗಿನ ನಾರು?

ತಾಳ್ಮೆ ಬೇಕಾಗುವುದು ಇಲ್ಲಿ. 10 ರಿಂದ 40 ಪಟ್ಟು ದೊಡ್ಡದು ಮಾಡಿ ತೋರಿಸುವ ಸೂಕ್ಷ್ಮದರ್ಶಕ ಸಾಕು. ಕಾಗದವನ್ನು ಪೆನ್ಸಿಲಿನಲ್ಲಿ ಚೌಕ ಚೌಕ ಮಾಡಿ, ಒಂದೊಂದೇ ಚೌಕ ನೋಡುತ್ತಾ ಹೋಗಿ. ಪ್ಲಾಸ್ಟಿಕ್ಕಿನಲ್ಲಿ ಜೀವಕೋಶದ ಗುರುತು ಇರುವುದಿಲ್ಲ. ಎಳೆಯಾದರೆ ಉದ್ದಕ್ಕೂ ಒಂದೇ ದಪ್ಪ, ಒಂದೇ ಬಣ್ಣ.

ನಮ್ಮಲ್ಲಿ ಮೋಸ ಮಾಡುವುದು ತೆಂಗಿನ ನಾರು ಮತ್ತು ಅಡಕೆ ಸಿಪ್ಪೆಯ ನಾರು. ಪೆರಾಕ್ಸೈಡಿನಲ್ಲಿ ಬಣ್ಣ ಹೋಗಿ ಎರಡೂ ಬೆಳ್ಳಗೆ ಹೊಳೆಯುತ್ತವೆ, ಥೇಟ್ ನೈಲಾನಿನ ಹಾಗೆ. ಹತ್ತಿರದಿಂದ ನೋಡಿ. ತುದಿ ಚೂಪಾಗುತ್ತಾ ಹೋಗಿರುತ್ತದೆ ಅಥವಾ ಸೀಳಿರುತ್ತದೆ, ಮೈಮೇಲೆ ಸಣ್ಣ ಚುಕ್ಕೆ, ಗೆರೆಗಳಿರುತ್ತವೆ. ಒಂದು ನಾರನ್ನು, ಒಂದು ನೀಲಿ ಹಗ್ಗದ ಎಳೆಯನ್ನು, ಒಂದು ಪ್ಲಾಸ್ಟಿಕ್ ಗೋಣಿಯ ಎಳೆಯನ್ನು ಗಾಜಿನ ಮೇಲೆ ಅಂಟಿಸಿ ಪಕ್ಕದಲ್ಲೇ ಇಟ್ಟುಕೊಳ್ಳಿ. ಅನುಮಾನ ಬಂದಾಗಲೆಲ್ಲ ಹೋಲಿಸಿ.

ಗೋಣಿಯ ಎಳೆಯನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳಿ. ಸಿಮೆಂಟ್, ಗೊಬ್ಬರ, ಅಕ್ಕಿ ಬರುವ ಈ ಚೀಲಗಳು ಚಪ್ಪಟೆ ಪಟ್ಟಿಗಳಿಂದ ನೇಯ್ದವು. ಬಿಸಿಲಿಗೆ ಬಿದ್ದ ಪಟ್ಟಿ ಅಡ್ಡ ಮುರಿಯುವುದಕ್ಕಿಂತ ಹೆಚ್ಚಾಗಿ ಉದ್ದುದ್ದಕ್ಕೆ ಸೀಳುತ್ತದೆ. ಕೈಯಲ್ಲಿ ತಿಕ್ಕಿದರೆ ನೂರಾರು ಬಿಳಿ ಎಳೆಯಾಗಿ ಉದುರುತ್ತದೆ. ಈಗ ತೋಡುಗಳಲ್ಲಿ ಬೇಸಗೆಗೆ ಕಟ್ಟುವ ಕಟ್ಟಗಳನ್ನು ನೆನಪಿಸಿಕೊಳ್ಳಿ. ಕಲ್ಲು, ಮಣ್ಣು, ಸೊಪ್ಪಿನ ಕಟ್ಟದ ಜಾಗಕ್ಕೆ ಹೊಯ್ಗೆ ತುಂಬಿದ ಪ್ಲಾಸ್ಟಿಕ್ ಗೋಣಿ ಮತ್ತು ಟರ್ಪಾಲು ಬಂದಿವೆ. ನಾಲ್ಕೈದು ತಿಂಗಳು ಬಿಸಿಲಿನಲ್ಲಿ ಬೆಂದ ಗೋಣಿ ಮೊದಲ ನೆರೆಗೆ ಹರಿದು ಹೊಳೆ ಪಾಲು. ಕಟ್ಟ ಒಳ್ಳೆಯದೇ, ಅಂತರ್ಜಲಕ್ಕೆ ಬೇಕೇ ಬೇಕು. ಗೋಣಿಯನ್ನು ಪತ್ತನಾಜೆಯ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಒಳಗೆ ಬಿಚ್ಚಿ ಎತ್ತಿಟ್ಟರೆ ಏನು ನಷ್ಟ? ಇದನ್ನು ಅಳೆದು ತೋರಿಸಬಹುದು. ಕಟ್ಟದ ಮೇಲೆ ಒಂದು, ಕೆಳಗೆ ಒಂದು, ಮಳೆ ಹಿಡಿಯುವ ಮೊದಲು ಮತ್ತು ಹಿಡಿದ ಮೇಲೆ. ಶಾಲೆಯೊಂದಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಹೊಳೆಯುವುದಿಲ್ಲ.

ಆಮೇಲೆ ಬಿಸಿ ಸೂಜಿ. ಸೂಜಿಯ ತುದಿ ಕೆಂಪಾಗುವಂತೆ ಕಾಯಿಸಿ, ಅನುಮಾನದ ಎಳೆಗೆ ಹತ್ತಿರ ತನ್ನಿ. ಪ್ಲಾಸ್ಟಿಕ್ ಆದರೆ ಮುಟ್ಟುವ ಮೊದಲೇ ಮುದುಡಿ ಸುರುಳಿಯಾಗುತ್ತದೆ, ತುದಿಯಲ್ಲಿ ಸಣ್ಣ ಮಣಿಯಂತೆ ಕರಗಿ ನಿಲ್ಲುತ್ತದೆ. ಹತ್ತಿ, ನಾರು ಕರಗುವುದಿಲ್ಲ, ಕಪ್ಪಾಗುತ್ತವೆ. ದೋಣಿಯ ಬಣ್ಣದ ಚಕ್ಕೆ, ಟಯರಿನ ಕಪ್ಪು ಪುಡಿ ಈ ಪರೀಕ್ಷೆಗೆ ಸಿಗುವುದಿಲ್ಲ. ಅವನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ಯಾವ ಜಾತಿಯ ಪ್ಲಾಸ್ಟಿಕ್ ಎಂದು ಖಚಿತವಾಗಿ ಹೇಳಲು ಬೆಳಕು ಹಾಯಿಸಿ ವಸ್ತು ಯಾವುದೆಂದು ಗುರುತಿಸುವ ಎಫ್‌ಟಿಐಆರ್ ಅಥವಾ ರಾಮನ್ ಯಂತ್ರ ಬೇಕು. ವಿಶ್ವವಿದ್ಯಾಲಯಗಳ ಕೆಮಿಸ್ಟ್ರಿ ವಿಭಾಗದಲ್ಲಿ ಕೇಳಿ ನೋಡಿ. ಹತ್ತಿಪ್ಪತ್ತು ಕಣ ಪರೀಕ್ಷಿಸಿ ಕೊಟ್ಟರೂ ಉಪಕಾರ. ಅದಾಗದಿದ್ದರೆ ವರದಿಯಲ್ಲಿ 'ಪ್ಲಾಸ್ಟಿಕ್ ಎಂದು ಅನುಮಾನಿಸಿದ ಕಣ' ಎಂದೇ ಬರೆಯಿರಿ.

ಲೆಕ್ಕ

18 ಘನ ಮೀಟರ್ ನೀರಿನಲ್ಲಿ 52 ಕಣ, ಖಾಲಿ ಪರೀಕ್ಷೆಯಲ್ಲಿ 7 ಎಂದಿಟ್ಟುಕೊಳ್ಳಿ. 45 ಉಳಿಯಿತು. 18ರಿಂದ ಭಾಗಿಸಿದರೆ ಘನ ಮೀಟರಿಗೆ 2.5. ಎಳೆ, ಚೂರು, ಪೊರೆ, ಉಂಡೆ ಎಂದು ಬೇರೆ ಬೇರೆ ಕೊಡಿ, ಬಣ್ಣವನ್ನೂ ಹಾಕಿ. ಒಂದೇ ಜಾಗದ ಮೂರು ಸಲದ ಉತ್ತರ 1, 4, 2.5 ಎಂದು ಬಂದರೆ, ಇನ್ನೊಂದು ಜಾಗದಲ್ಲಿ 3 ಬಂತೆಂದು ಅಲ್ಲಿ ಜಾಸ್ತಿ ಎನ್ನಬೇಡಿ. ಮೂರನ್ನೂ ವರದಿಯಲ್ಲಿ ಕೊಡಿ, ಸರಾಸರಿ ಮಾತ್ರ ಕೊಟ್ಟು ಕೂರಬೇಡಿ.

'ನಾವು ಕುಡಿಯುವ ನೀರಿನಲ್ಲಿ ಪ್ಲಾಸ್ಟಿಕ್' ಎಂಬ ತಲೆಬರಹದ ಆಸೆಯನ್ನೂ ಬಿಡಿ. ನೀವು ಅಳೆದದ್ದು ಹೊಳೆಯ ಮೇಲಿನ ಒಂದು ಗೇಣು ನೀರನ್ನು, ನಳ್ಳಿಯದ್ದನ್ನಲ್ಲ. 300 ಮೈಕ್ರಾನಿನ ಚೂರು ಶುದ್ಧೀಕರಣದ ಹೊಯ್ಗೆ ಪದರ ದಾಟುವುದು ಕಷ್ಟ. ದಾಟುವಂಥವು ನಿಮ್ಮ ಬಲೆಗೆ ಸಿಕ್ಕೇ ಇರುವುದಿಲ್ಲ.

ಎಣಿಸಿದ ಫಿಲ್ಟರ್ ಕಾಗದಗಳನ್ನು ಬಿಸಾಡಬೇಡಿ. ಗಾಜಿನ ಪೆಟ್ರಿ ತಟ್ಟೆಯಲ್ಲಿ ಹೆಸರು, ತಾರೀಕು ಬರೆದು ಇಡಿ. ಎಣಿಸದ ಇನ್ನೊಬ್ಬರಿಗೆ, ನಿಮ್ಮ ಸಂಖ್ಯೆ ಹೇಳದೆ, ಅದೇ ಕಾಗದ ಕೊಟ್ಟು ಎಣಿಸಲು ಹೇಳಿ. ಇಬ್ಬರ ಲೆಕ್ಕದಲ್ಲಿ ತುಂಬಾ ಅಂತರ ಬಂದರೆ ವರದಿ ಪಂಚಾಯತಿಗೆ ಕೊಡುವ ಮೊದಲು ಕಾಗದವನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗೆ ಇಡಿ, ಇಬ್ಬರೂ ಒಟ್ಟಿಗೆ ಕೂತು ನೋಡಿ.